40 ಡಿಗ್ರಿ ದಾಟುವ ರಾಯಚೂರಿನಲ್ಲಿ ಗೇಮಿಂಗ್ ಪಿಸಿ: ಬಿಡಿಭಾಗ ಆರಿಸಿದ ನನ್ನ ಅನುಭವ

ಗೇಮಿಂಗ್ ಪಿಸಿ ಕಟ್ಟಬೇಕು ಅಂದ ಕೂಡಲೇ ಎಲ್ಲರೂ ಮೊದಲು ಕೇಳೋದು ಗ್ರಾಫಿಕ್ ಕಾರ್ಡ್, ಅಂದರೆ ಆಟದ ಚಿತ್ರ ಬಿಡಿಸುವ ಭಾಗ, ಯಾವುದು ಅಂತ. ನಾನು ಮೊದಲು ನೋಡಿದ್ದು ನನ್ನ ಕೋಣೆಯ ಬಿಸಿ ಎಷ್ಟು, ಗೋಡೆಯ ಪ್ಲಗ್‌ನಲ್ಲಿ ಕರೆಂಟು ಹೇಗಿದೆ ಅಂತ. ರಾಯಚೂರಿನವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಅನ್ನೋದು ಮಾಮೂಲು. ನನ್ನ ಕೋಣೆ ಇರೋದು ಮೇಲಿನ ಮಹಡಿಯಲ್ಲಿ, ತಲೆಯ ಮೇಲೆ ನೇರ ಆರ್‌ಸಿಸಿ ಚಾವಣಿ. ಹಗಲೆಲ್ಲ ಕುಡಿದ ಬಿಸಿಯನ್ನು ಅದು ರಾತ್ರಿ ಹತ್ತರ ನಂತರವೂ ಕೆಳಗೆ ಬಿಡುತ್ತಲೇ ಇರುತ್ತದೆ. ಗೋಡೆಗೆ ಒಂದು ಸಣ್ಣ ಥರ್ಮಾಮೀಟರ್ ತೂಗುಹಾಕಿ ನೋಡಿದೆ. ಬೇಸಿಗೆಯ ಸಂಜೆಗಳಲ್ಲಿ, ಅಂದರೆ ನಾನು ಆಡಲು ಕೂರುವ ಹೊತ್ತಿಗೆ, 36ರ ಕೆಳಗೆ ಬರುತ್ತಲೇ ಇರಲಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಕಂಪ್ಯೂಟರಿನ ಯಾವ ಫ್ಯಾನೂ, ಯಾವ ಲಿಕ್ವಿಡ್ ಕೂಲರೂ ಒಳಗಿನ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಅದು ಮಾಡುವ ಕೆಲಸ ಇಷ್ಟೇ: ಚಿಪ್ಪಿನ ಬಿಸಿಯನ್ನು ತೆಗೆದು ಕೋಣೆಗೆ ಸುರಿಯುವುದು. ಕೋಣೆ 10 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಚಿಪ್ಪು ಕೂಡ ಹೆಚ್ಚುಕಡಿಮೆ 10 ಡಿಗ್ರಿ ಜಾಸ್ತಿ ಬಿಸಿ ಇರುತ್ತದೆ. ವಿಡಿಯೊಗಳಲ್ಲಿ ನಾವು ನೋಡುವ ಟೆಸ್ಟ್‌ಗಳು ಬಹುತೇಕ ಎಸಿ ಕೋಣೆಯಲ್ಲಿ ಮಾಡಿದವು. ಅಲ್ಲಿ 70 ಡಿಗ್ರಿ ತೋರಿಸಿದ ಕಾರ್ಡ್ ನಮ್ಮ ಊರಲ್ಲಿ 80 ದಾಟಿದರೆ ಅದು ಕಾರ್ಡಿನ ದೋಷ ಅಲ್ಲ. ಇನ್ನೊಂದು ಮಾತು. ಪಿಸಿ ಎಳೆಯುವ ಒಂದೊಂದು ವ್ಯಾಟ್ ಕೂಡ ಕೊನೆಗೆ ಬಿಸಿಯಾಗಿ ಕೋಣೆಯಲ್ಲೇ ಉಳಿಯುತ್ತದೆ. 500 ವ್ಯಾಟ್ ಎಳೆಯುವ ಪಿಸಿ ಅಂದರೆ ಮೇ ತಿಂಗಳಲ್ಲಿ 500 ವ್ಯಾಟಿನ ಹೀಟರ್ ಪಕ್ಕದಲ್ಲೇ ಇಟ್ಟುಕೊಂಡು ಕೂತಂತೆಯೇ. ಹಾಗಾಗಿ ನಾನು ಒಂದು ಗೆರೆ ಹಾಕಿಕೊಂಡೆ. ಮಾನಿಟರ್ ಸೇರಿ ಇಡೀ ಯಂತ್ರ ಆಟದ ವೇಳೆ 250 ವ್ಯಾಟ್ ಮೀರಬಾರದು. ಮುಂದಿನ ಆಯ್ಕೆಗಳೆಲ್ಲ ಈ ಗೆರೆಯ ಒಳಗೇ ನಡೆದವು.

ಅದಕ್ಕೂ ಮೊದಲು ಕರೆಂಟಿನ ಕೆಲಸ. ನಮ್ಮದು ಹಳೇ ಮನೆ. ಮೂರು ಪಿನ್ನಿನ ಸಾಕೆಟ್ ಎಲ್ಲಾ ಕಡೆ ಇದ್ದವು. ಆದರೆ ಮೂರನೇ ಪಿನ್ನಿನ ತಂತಿ ಎಲ್ಲಿಗೆ ಹೋಗಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೇ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಬಹಳ ಮನೆಗಳಲ್ಲಿ ಇದನ್ನು ಮಾಮೂಲು ಅಂತ ಬಿಟ್ಟುಬಿಡುತ್ತಾರೆ. ಅದು ಮಾಮೂಲಲ್ಲ. ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದಂತೆ ಬದಲಿಸಿ ಕೊಡುವ ಡಬ್ಬಿ, ಅದರ ಒಳಗೆ ಕರೆಂಟಿನ ಗದ್ದಲ ಸೋಸಲು ಎರಡೂ ತಂತಿಗಳಿಂದ ಲೋಹದ ಮೈಗೆ ಸಣ್ಣ ಕೆಪಾಸಿಟರ್‌ಗಳನ್ನು ಜೋಡಿಸಿರುತ್ತಾರೆ. ಅರ್ಥಿಂಗ್ ಸರಿ ಇದ್ದರೆ ಅಲ್ಲಿ ಸೋರುವ ಅಲ್ಪ ಕರೆಂಟು ಭೂಮಿಗೆ ಇಳಿಯುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ ಮೇಲೆ ಹೆಚ್ಚುಕಡಿಮೆ ಅರ್ಧ ವೋಲ್ಟೇಜ್ ನಿಂತಿರುತ್ತದೆ. ಮುಟ್ಟಿದ ಬೆರಳಿನ ಮೂಲಕ ಅದು ನೆಲಕ್ಕೆ ಇಳಿಯುತ್ತದೆ. ಹೆಡ್‌ಫೋನಿನಲ್ಲಿ ಗುಂಯ್ ಸದ್ದು ಬರುವುದಕ್ಕೂ ಅನೇಕ ಸಲ ಇದೇ ಕಾರಣ.

ಪರಿಚಯದ ಎಲೆಕ್ಟ್ರಿಷಿಯನ್ ಕಾಕಾ ಬಂದು ಮೀಟರ್ ಹಿಡಿದು ನೋಡಿದರು. ಹಿತ್ತಲಿನಲ್ಲಿ ಅರ್ಥಿಂಗ್ ಗುಂಡಿ ಇತ್ತು. ಆದರೆ ಮಣ್ಣು ಪೂರ್ತಿ ಒಣಗಿ ಬಿರಿದಿತ್ತು, ತಂತಿಯ ತುದಿ ತುಕ್ಕು ಹಿಡಿದಿತ್ತು. "ಏನ್ ತಮ್ಮಾ, ಲಕ್ಷ ರೂಪಾಯಿ ಮಿಷಿನ್ ತರ್ತೀ ಅಂತೀ, ಗುಂಡ್ಯಾಗ ಎರಡ್ ಕೊಡ ನೀರು ಹಾಕಾಕ ಆಗಂಗಿಲ್ಲೇನು?" ಅಂದರು. ಗುಂಡಿ ಮತ್ತೆ ತೋಡಿ, ಇದ್ದಿಲು, ಉಪ್ಪು ತುಂಬಿ, ಹೊಸ ತಂತಿ ಎಳೆದುಕೊಟ್ಟರು. ಒಣ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ನಮ್ಮ ಊರ ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಲೇಬೇಕು. ಕೆಲಸ ಮುಗಿದ ಮೇಲೆ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆದಾಗ ಎರಡು ಮೂರು ವೋಲ್ಟ್ ಅಷ್ಟೇ ತೋರಿಸಿತು. ಇದಕ್ಕೆ ಆದ ಖರ್ಚು ಒಂದು ಒಳ್ಳೆಯ ಕೀಬೋರ್ಡಿನ ಬೆಲೆಗಿಂತ ಕಡಿಮೆ. ಪಿಸಿಗೆ ನಾನು ಹಾಕಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ ಅಂತ ನನ್ನ ನಂಬಿಕೆ. ದಯವಿಟ್ಟು ನೀವೂ ಮೊದಲು ಇದನ್ನೇ ಮಾಡಿಸಿ. ಮೀಟರ್ ಹಿಡಿಯುವ ಕೆಲಸ ಮಾತ್ರ ಗೊತ್ತಿದ್ದವರಿಗೇ ಬಿಡಿ.

ವೋಲ್ಟೇಜ್ ಬಗ್ಗೆ ಎರಡು ಮಾತು. ಬರಬೇಕಾದದ್ದು 230. ಓಣಿಯಲ್ಲಿ ಎಲ್ಲರ ಎಸಿ, ಕೂಲರ್ ಓಡುವ ಹೊತ್ತಿಗೆ ನಮ್ಮಲ್ಲಿ 200ರ ಕೆಳಗೆ ಇಳಿಯುತ್ತಿತ್ತು, ನಡುರಾತ್ರಿ 240 ದಾಟುತ್ತಿತ್ತು. ಇದಕ್ಕೆ ಸ್ಟೆಬಿಲೈಸರ್ ತರಲು ಅನೇಕರು ಹೇಳಿದರು. ನಾನು ತರಲಿಲ್ಲ. ಇವತ್ತಿನ ಒಳ್ಳೆಯ ಎಸ್‌ಎಂಪಿಎಸ್‌ಗಳ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. 190 ಬಂದರೂ ಅವಕ್ಕೆ ಏನೂ ಆಗುವುದಿಲ್ಲ. ಕೆಲವು ಅಗ್ಗದವು 200ರಿಂದ 240 ಅಂತ ಮಾತ್ರ ಹೇಳುತ್ತವೆ. ಅವು ನಮ್ಮ ಊರಿಗಲ್ಲ. ಲೇಬಲ್ ಓದದೆ ಎಸ್‌ಎಂಪಿಎಸ್ ತಗೋಬೇಡಿ.

ಕರೆಂಟು ಹೋದಾಗ ಏನು? ಬೇರೆ ಯುಪಿಎಸ್ ಕೊಳ್ಳುವ ಮೊದಲು ಮನೆಯ ಇನ್ವರ್ಟರ್ ನೋಡಿದೆ. ಅದು ಸೈನ್ ವೇವ್ ಇನ್ವರ್ಟರ್, ಅಂದರೆ ಗೋಡೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವಂಥದ್ದು, ದೊಡ್ಡ ಬ್ಯಾಟರಿ, ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಕೂಡ ಇತ್ತು. ಮಾಮೂಲು ಮೋಡಿನಲ್ಲಿ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗಲು ಅದು ತುಸು ಹೊತ್ತು ತಗೊಳ್ಳುತ್ತದೆ. ಫ್ಯಾನು, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟು ನಿಂತ ಮೇಲೂ ಸುಮಾರು 16 ಮಿಲಿಸೆಕೆಂಡ್ ತನ್ನೊಳಗಿನ ಶಕ್ತಿಯಲ್ಲಿ ನಡೆಸಬಲ್ಲದು. ಯುಪಿಎಸ್ ಮೋಡ್ ಹಾಕಿದರೆ ಇನ್ವರ್ಟರ್ ಅಷ್ಟರೊಳಗೆ ಬದಲಾಗಿಬಿಡುತ್ತದೆ. ಕಾಕಾ ಕೈಲಿ ಇನ್ವರ್ಟರ್ ಲೈನಿನಿಂದ ಮೇಜಿನ ಪಕ್ಕಕ್ಕೆ ಒಂದು ಸಾಕೆಟ್ ಹಾಕಿಸಿದೆ. ಹೀಗೆ ಬೇರೆ ಯುಪಿಎಸ್ ದುಡ್ಡು ಉಳಿಯಿತು. ನಿಮ್ಮ ಮನೆಯಲ್ಲಿ ಒರಟು ಅಲೆ ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಇದನ್ನು ಮಾಡಬೇಡಿ. ಆಗ ಯುಪಿಎಸ್ ಬೇರೆ ತಗೊಳ್ಳಿ, ತಗೊಳ್ಳುವಾಗ ವಿಎ ಅಲ್ಲ, ವ್ಯಾಟ್ ನೋಡಿ. 600 ವಿಎ ಅಂತ ದೊಡ್ಡದಾಗಿ ಬರೆದಿದ್ದರೂ ಅದು ಹೊರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ.

ಉಳಿದ ದುಡ್ಡನ್ನು ಎಸ್‌ಎಂಪಿಎಸ್‌ಗೆ ಹಾಕಿದೆ. ಅಂಗಡಿಗಳಲ್ಲಿ ಕ್ಯಾಬಿನೆಟ್ ಜತೆ ಪುಕ್ಕಟೆಯಾಗಿ 450 ವ್ಯಾಟ್ ಅಂತ ಬರೆದ ಒಂದು ಹಗುರ ಡಬ್ಬಿ ಕೊಡುತ್ತಾರೆ. ಆಫೀಸಿನ ಟೈಪಿಂಗ್ ಕೆಲಸಕ್ಕೆ ಅದು ನಡೆದೀತು. ಗ್ರಾಫಿಕ್ ಕಾರ್ಡ್ ಇರುವ ಯಂತ್ರಕ್ಕೆ ಅದು ಬೇಡವೇ ಬೇಡ. ನಾನು ನೋಡಿದ್ದು ಮೂರು ಸಂಗತಿ. ಮೊದಲನೆಯದು, ಪೂರ್ತಿ ವ್ಯಾಟ್ ಎಷ್ಟು ಡಿಗ್ರಿಯಲ್ಲಿ ಕೊಡುತ್ತದೆ ಅನ್ನುವುದು. ಕೆಲವು ಕಂಪನಿಗಳು 40 ಡಿಗ್ರಿಯ ಲೆಕ್ಕ ಕೊಡುತ್ತವೆ, ಒಳ್ಳೆಯವು 50 ಡಿಗ್ರಿಯಲ್ಲೂ ಪೂರ್ತಿ ಕೊಡುತ್ತೇವೆ ಅನ್ನುತ್ತವೆ. ಕೋಣೆಯೇ 36 ಇರುವಾಗ ಕ್ಯಾಬಿನೆಟ್ ಒಳಗೆ 40 ದಾಟುವುದು ಖಚಿತ, ಅಲ್ವಾ? ಎರಡನೆಯದು, ಒಳಗಿನ ಕೆಪಾಸಿಟರ್ 105 ಡಿಗ್ರಿಯವೋ 85 ಡಿಗ್ರಿಯವೋ ಅಂತ. ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರಿನ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. ಮೂರನೆಯದು ವಾರಂಟಿ, ಐದು ವರ್ಷಕ್ಕಿಂತ ಕಡಿಮೆ ಇದ್ದದ್ದನ್ನು ಬಿಟ್ಟೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಮುದ್ರೆಗಳು ಎಷ್ಟು ಕರೆಂಟು ಪೋಲಾಗುವುದಿಲ್ಲ ಅನ್ನುವುದನ್ನು ಮಾತ್ರ ಹೇಳುತ್ತವೆ. ಒಳಗಿನ ಕೆಲಸ ಗಟ್ಟಿ ಇದೆಯೋ ಇಲ್ಲವೋ ಅನ್ನುವುದು ಆ ಮುದ್ರೆಯಿಂದ ಗೊತ್ತಾಗುವುದಿಲ್ಲ. ನಾನು ತಗೊಂಡದ್ದು 650 ವ್ಯಾಟಿನ ಬ್ರಾಂಜ್. ನನ್ನ ಯಂತ್ರಕ್ಕೆ 550 ಸಾಕಿತ್ತು. ಮುಂದೆ ಕಾರ್ಡ್ ಬದಲಾಯಿಸುವ ಯೋಚನೆಯಿಂದ ಒಂದು ಮೆಟ್ಟಿಲು ಮೇಲೆ ಹೋದೆ.

ಇನ್ನು ಕಾರ್ಡ್. ಕಾರ್ಡ್ ನಿರ್ಧಾರವಾಗುವುದು ಮಾನಿಟರಿನಿಂದ. ನಾನು ಜಾಸ್ತಿ ಆಡುವುದು ವ್ಯಾಲೊರೆಂಟ್ ಮತ್ತು ಕೌಂಟರ್ ಸ್ಟ್ರೈಕ್ 2. ರಜೆ ಸಿಕ್ಕಾಗ ಸೈಬರ್‌ಪಂಕ್ 2077 ಥರದ ದೊಡ್ಡ ಕಥೆಯ ಆಟ. ಮೊದಲೆರಡಕ್ಕೆ ವೇಗ ಬೇಕು, ಚಂದಕ್ಕಿಂತ ಹೆಚ್ಚಾಗಿ. ಹಾಗಾಗಿ 24 ಇಂಚಿನ, 1080ಪಿ, 165 ಹರ್ಟ್ಸ್ ಐಪಿಎಸ್ ಮಾನಿಟರ್ ಆರಿಸಿದೆ. 1080ಪಿ ಅನ್ನುವುದು ಪರದೆಯ ಚುಕ್ಕೆಸಾಲುಗಳ ಲೆಕ್ಕ, 165 ಹರ್ಟ್ಸ್ ಅಂದರೆ ಸೆಕೆಂಡಿಗೆ 165 ಸಲ ಚಿತ್ರ ಬದಲಾಯಿಸುವುದು, ಐಪಿಎಸ್ ಅನ್ನುವುದು ಪರದೆಯ ಒಂದು ಬಗೆ. 1440ಪಿ ತಗೊಂಡಿದ್ದರೆ ಚಿತ್ರ ಇನ್ನೂ ಚೂಪಾಗಿ ಇರುತ್ತಿತ್ತು ನಿಜ. ಆದರೆ ಅದಕ್ಕೆ ತಕ್ಕ ಕಾರ್ಡ್ 200 ವ್ಯಾಟ್ ಆಸುಪಾಸು ಕೇಳುತ್ತಿತ್ತು. ನನ್ನ ಗೆರೆ ಅಲ್ಲೇ ಮುರಿಯುತ್ತಿತ್ತು.

2024ರ ಬೇಸಿಗೆಯಲ್ಲಿ ನನ್ನ ಬೆಲೆಗೆ ಸಿಗುತ್ತಿದ್ದದ್ದು ಮೂರು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060, 8 ಜಿಬಿ ಮೆಮೊರಿ, 115 ವ್ಯಾಟ್. ಎಎಂಡಿಯ ಆರ್‌ಎಕ್ಸ್ 7600, ಅದೂ 8 ಜಿಬಿ, 165 ವ್ಯಾಟ್. ಹಳೆಯ ಆರ್‌ಎಕ್ಸ್ 6700 ಎಕ್ಸ್‌ಟಿ, 12 ಜಿಬಿ, 230 ವ್ಯಾಟ್. ಬಹಳ ಜನ ಮೂರನೆಯದನ್ನೇ ತಗೋ ಅಂದರು. ಮೆಮೊರಿ ಜಾಸ್ತಿ, ಬಲವೂ ಜಾಸ್ತಿ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಊಟಿಯಲ್ಲೋ ಮಡಿಕೇರಿಯಲ್ಲೋ ಇದ್ದಿದ್ದರೆ ನಾನೂ ಅದನ್ನೇ ತರುತ್ತಿದ್ದೆ. ಇಲ್ಲಿ ಆ ಕಾರ್ಡ್ 4060ಗಿಂತ ಎರಡು ಪಟ್ಟು ಬಿಸಿಯನ್ನು ಕೋಣೆಗೆ ಸುರಿಯುತ್ತದೆ. ಆಗ ಕೋಣೆ ಬಿಸಿಯಾಗುತ್ತದೆ, ಬಿಸಿ ಕೋಣೆಯ ಗಾಳಿಯನ್ನೇ ಕಾರ್ಡ್ ಮತ್ತೆ ಎಳೆಯುತ್ತದೆ, ಫ್ಯಾನು ಇನ್ನೂ ಜೋರಾಗಿ ತಿರುಗುತ್ತದೆ. 4060ರಲ್ಲಿ 8 ಜಿಬಿ ಅನ್ನುವುದು ನಿಜವಾದ ಮಿತಿ. ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್‌ಚರನ್ನು (ಗೋಡೆ, ನೆಲ, ಬಟ್ಟೆಗಳ ಮೇಲ್ಮೈ ಚಿತ್ರ) ಅತಿ ಮೇಲಿನ ಹಂತಕ್ಕೆ ಇಟ್ಟರೆ ಮೆಮೊರಿ ಸಾಲದೆ ಚಿತ್ರ ತಡವರಿಸುತ್ತದೆ. ಒಂದು ಹಂತ ಇಳಿಸಿದರೆ 1080ಪಿಯಲ್ಲಿ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಡಿಎಲ್‌ಎಸ್‌ಎಸ್ ಇರುವುದೂ ಒಂದು ಅನುಕೂಲ. ಅದರಿಂದ ಕಾರ್ಡ್ ಕಡಿಮೆ ಚುಕ್ಕೆ ಬಿಡಿಸಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಎರಡು ಫ್ಯಾನಿನ 4060 ತಗೊಂಡೆ. ಒಂದೇ ಫ್ಯಾನಿನದು ಸ್ವಲ್ಪ ಅಗ್ಗ, ಆದರೆ ನಮ್ಮ ಬಿಸಿಗೆ ಸಾಲದು.

ಹಳೇ ಕಾರ್ಡ್ ತಗೊಳ್ಳಬೇಕೆನ್ನುವ ತಮ್ಮಂದಿರಿಗೆ ಒಂದು ಎಚ್ಚರಿಕೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ನಾಣ್ಯದ ಮೈನಿಂಗ್, ಅಂದರೆ ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದು, ಕಾರ್ಡ್‌ಗಳಿಂದ ಮಾಡುವುದು ನಿಂತುಹೋಯಿತು. ಹಗಲು ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ. ಆದರೂ ಬಿಲ್ಲು, ಉಳಿದ ವಾರಂಟಿ ಇಲ್ಲದ್ದನ್ನು, ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ ತೋರಿಸದಿದ್ದದ್ದನ್ನು ತಗೋಬೇಡಿ. ಆರ್‌ಎಕ್ಸ್ 580 ಅಂತ ಮಾರುವುದರಲ್ಲಿ 2048 ಎಸ್‌ಪಿ ಅನ್ನುವ ಒಂದು ಬಗೆ ಇದೆ. ಹೆಸರು 580, ಒಳಗಿನ ಬಲ 570ರದು.

ಪ್ರೊಸೆಸರ್ ವಿಷಯದಲ್ಲಿ ನಮ್ಮ ಕಡೆ ದೊಡ್ಡ ಮೋಸ ನಡೆಯುವುದು "ಐ7" ಅನ್ನುವ ಎರಡಕ್ಷರದಲ್ಲಿ. "ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಬರೀ 18 ಸಾವಿರ" ಅಂತ ಪೋಸ್ಟರ್ ಹಾಕುತ್ತಾರೆ. ಯಾವ ತಲೆಮಾರಿನ ಐ7 ಅಂತ ಹೇಳುವುದಿಲ್ಲ. ಕೇಳಿದರೆ ಐ7 2600, ಅಂದರೆ 2011ರದು. ಗ್ರಾಫಿಕ್ಸ್ ಅಂದರೆ ಜಿಟಿ 730, ಅದು 2014ರದು. 2022ರ ಐ3 12100 ಆ ಹಳೇ ಐ7ಗಿಂತ ಎಷ್ಟೋ ಮುಂದಿದೆ. ಮಕ್ಕಳಿಗೆ ಅಂತ ಆಸೆಯಿಂದ ದುಡ್ಡು ಕೊಟ್ಟ ಅಪ್ಪಂದಿರನ್ನು ನೋಡಿ ನನಗೆ ನಿಜವಾಗಿ ಸಂಕಟವಾಗಿದೆ. ಐ3, ಐ5, ಐ7 ಅನ್ನುವುದಕ್ಕಿಂತ ಅದರ ಮುಂದಿನ ಅಂಕಿ ಓದಿ. 12100 ಅಂದರೆ ಹನ್ನೆರಡನೇ ತಲೆಮಾರು. 2600 ಅಂದರೆ ಎರಡನೆಯದು.

ನಾನು ಆರಿಸಿದ್ದು ಎಎಂಡಿಯ ರೈಜನ್ 5 7600. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್ ವರ್ಗ. ಇದರ ಅಣ್ಣ 7600 ಎಕ್ಸ್ 105 ವ್ಯಾಟಿನದು. ಆಟದಲ್ಲಿ ಎರಡಕ್ಕೂ ಇರುವ ಅಂತರ ಸೆಕೆಂಡಿಗೆ ಬೆರಳೆಣಿಕೆಯ ಫ್ರೇಮು, ಅಂದರೆ ಚಿತ್ರಗಳು. ಆ ಫ್ರೇಮುಗಳಿಗಾಗಿ ಅಷ್ಟು ಬಿಸಿ ಯಾಕೆ? ಇಂಟೆಲ್‌ನ ಐ5 12400 ಎಫ್ ಕೂಡ ಒಳ್ಳೆಯದೇ, ಬೆಲೆಯೂ ಕಡಿಮೆ. ಅದನ್ನು ಬಿಟ್ಟದ್ದು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಕಾರಣಕ್ಕೆ. ಅದು ಕೂರುವ ಎಲ್‌ಜಿಎ 1700 ಸಾಕೆಟ್ ಹದಿನಾಲ್ಕನೇ ತಲೆಮಾರಿಗೆ ಮುಗಿಯುವ ಹಾದಿಯಲ್ಲಿತ್ತು. ಎಎಂಡಿಯ ಎಎಂ5 ಸಾಕೆಟ್ ಬಂದದ್ದೇ 2022ರಲ್ಲಿ. 2027 ಮತ್ತು ಅದರ ಮುಂದಕ್ಕೂ ನಡೆಸುತ್ತೇವೆ ಅಂತ ಕಂಪನಿಯೇ ಹೇಳಿದೆ. ಮುಂದೆ ಪ್ರೊಸೆಸರ್ ಒಂದನ್ನೇ ಬದಲಾಯಿಸಿದರೆ ಸಾಕು, ಬೋರ್ಡು, ರ‍್ಯಾಮ್ ಹಾಗೇ ಇರುತ್ತವೆ. 7600ರಲ್ಲಿ ಸಣ್ಣ ಗ್ರಾಫಿಕ್ಸ್ ಕೂಡ ಸೇರಿದೆ. ಕಾರ್ಡ್ ಕೆಟ್ಟು ವಾರಂಟಿಗೆ ಹೋದಾಗ ಪಿಸಿ ಪೂರ್ತಿ ನಿಲ್ಲುವುದಿಲ್ಲ. ನಮ್ಮಂಥ ಊರಿನಲ್ಲಿ ಸರ್ವಿಸ್ ಸೆಂಟರ್ ದೂರ. ಕಾರ್ಡ್ ಹೋಗಿ ಬರಲು ವಾರಗಳೇ ಹಿಡಿಯುತ್ತವೆ. ಹಾಗಾಗಿ ಕೊನೆಯಲ್ಲಿ ಎಫ್ ಅಕ್ಷರ ಇರುವ ಪ್ರೊಸೆಸರ್‌ಗಳನ್ನು, ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲದವನ್ನು, ನಾನು ನಮ್ಮ ಕಡೆಯವರಿಗೆ ಹೇಳುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಹಳೇ ಎಎಂ4 ಸಾಕೆಟ್ಟಿನ ರೈಜನ್ 5 5600 ಮತ್ತು ಡಿಡಿಆರ್4 ರ‍್ಯಾಮ್ ಈಗಲೂ 1080ಪಿಗೆ ಧಾರಾಳ. ಅದರಲ್ಲಿ ಮಾತ್ರ ಒಳಗಿನ ಗ್ರಾಫಿಕ್ಸ್ ಇಲ್ಲ.

ಪ್ರೊಸೆಸರ್ ಜತೆ ಬಾಕ್ಸಿನಲ್ಲೇ ಒಂದು ಕೂಲರ್ ಬರುತ್ತದೆ. ಮೈಸೂರಿನ ಹವೆಗೆ ಅದು ಸಾಕಾದೀತು. ನಾನು ಸುಮಾರು ಎರಡು ಸಾವಿರ ಕೊಟ್ಟು 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಹಾಕಿದೆ. ಲಿಕ್ವಿಡ್ ಕೂಲರ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. 65 ವ್ಯಾಟಿನ ಚಿಪ್ಪಿಗೆ ಅದು ಬೇಕಾಗಿಲ್ಲ. ಅದರಲ್ಲಿ ಪಂಪು ಇದೆ, ಪಂಪು ನಿಂತರೆ ರಿಪೇರಿ ಇಲ್ಲ, ಪೂರ್ತಿ ಬದಲಾಯಿಸಬೇಕು. ಟವರ್ ಕೂಲರಿನಲ್ಲಿ ಕೆಡುವುದು ಫ್ಯಾನು ಒಂದೇ. ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಕೂಲರಿನ ಎತ್ತರ ಕ್ಯಾಬಿನೆಟ್ಟಿನ ಅಗಲಕ್ಕೆ ಹಿಡಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಗ್ರಾಫಿಕ್ ಕಾರ್ಡಿನ ಉದ್ದಕ್ಕೂ ಇದೇ ಮಾತು.

ಮದರ್‌ಬೋರ್ಡ್ ಬಿ650, ಸಣ್ಣ ಅಳತೆಯದು. ಪ್ರೊಸೆಸರಿಗೆ ಕರೆಂಟು ಹದ ಮಾಡಿ ಕೊಡುವ ಪಕ್ಕದ ವಿಆರ್‌ಎಂ ಮೇಲೆ ಲೋಹದ ಹೀಟ್‌ಸಿಂಕ್ ಇದೆಯಾ, ರ‍್ಯಾಮಿಗೆ ನಾಲ್ಕು ಸ್ಲಾಟ್ ಇದೆಯಾ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಹೊಸದಕ್ಕೆ ಏರಿಸುವ ಬಟನ್ ಇದೆಯಾ, ಇಷ್ಟೇ ನೋಡಿದ್ದು. ಬಣ್ಣಬಣ್ಣದ ಲೈಟಿಗೆ ದುಡ್ಡು ಕೊಡಲಿಲ್ಲ. ರ‍್ಯಾಮ್ ಡಿಡಿಆರ್5, 6000 ವೇಗದ್ದು, 16 ಜಿಬಿಯ ಎರಡು ಕಡ್ಡಿ. ಒಂದೇ ಕಡ್ಡಿ ಹಾಕಿದರೆ ಮೆಮೊರಿಯ ದಾರಿ ಅರ್ಧವಾಗುತ್ತದೆ, ಆಟದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಎರಡು ಕಡ್ಡಿಗಳನ್ನು ಪ್ರೊಸೆಸರಿನಿಂದ ಎಣಿಸಿದಾಗ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಬೇಕು. ಆಟ, ಫೈಲು ಇಡುವ ಎಸ್‌ಎಸ್‌ಡಿ 1 ಟಿಬಿ, ಎನ್‌ವಿಎಂಇ ಅನ್ನುವ ವೇಗದ ಬಗೆಯದು. ಅದರ ತಲೆಮಾರು ಜೆನ್ 3, ಜೆನ್ 4 ಅಂತ ತಲೆ ಕೆಡಿಸಿಕೊಳ್ಳಬೇಡಿ, ಆಟ ತೆರೆಯುವ ಹೊತ್ತಿನಲ್ಲಿ ಅವೆರಡರ ನಡುವೆ ದೊಡ್ಡ ವ್ಯತ್ಯಾಸ ಇಲ್ಲ.

ಕ್ಯಾಬಿನೆಟ್ ಬಗ್ಗೆ ಮಾತ್ರ ತಡೆದು ಹೇಳಬೇಕು. ಅಂಗಡಿಯಲ್ಲಿ ಮುಂದೆ ಸಾಲಾಗಿ ಇಟ್ಟಿರುವುದು ಮುಂಭಾಗವೆಲ್ಲ ಗಾಜು ಇರುವವು. ನೋಡಲು ಬಹಳ ಚಂದ. ಆದರೆ ಗಾಜಿನ ಮೂಲಕ ಗಾಳಿ ಹೋಗುವುದಿಲ್ಲ. ಮುಂಭಾಗ ಪೂರ್ತಿ ಜಾಲರಿ ಇರುವುದನ್ನೇ ಆರಿಸಿದೆ. ಹಾಗೆ ಆರಿಸಿದಾಗ ಎದುರಾಗುವ ಪ್ರಶ್ನೆ ಧೂಳು. ರಾಯಚೂರಿನ ಧೂಳು ಬರೀ ಮಣ್ಣಲ್ಲ. ಹತ್ತಿ ಸೀಜನ್ನಿನಲ್ಲಿ ಗಂಜ್ (ಸಗಟು ಮಾರುಕಟ್ಟೆ) ಕಡೆಯಿಂದ, ಜಿನ್ನಿಂಗ್ ಮಿಲ್ಲುಗಳ ಕಡೆಯಿಂದ ಹತ್ತಿಯ ಸಣ್ಣ ಎಳೆಗಳು ಹಾರಿ ಬರುತ್ತವೆ. ಅಕ್ಕಿ ಗಿರಣಿಗಳ ತೌಡಿನ ಪುಡಿಯೂ ಇರುತ್ತದೆ. ಎಳೆ ಮತ್ತು ಪುಡಿ ಸೇರಿದರೆ ಫ್ಯಾನಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. ಇದಕ್ಕೆ ಉಪಾಯ, ಒಳಗೆ ತಳ್ಳುವ ಗಾಳಿ ಹೊರಗೆ ಹೋಗುವ ಗಾಳಿಗಿಂತ ಜಾಸ್ತಿ ಇರುವಂತೆ ನೋಡಿಕೊಳ್ಳುವುದು. ಮುಂದೆ 140 ಮಿಲಿಮೀಟರಿನ ಎರಡು ಫ್ಯಾನ್ ಒಳಗೆ ತಳ್ಳುತ್ತವೆ, ಹಿಂದೆ 120ರ ಒಂದು ಹೊರಗೆ ಎಳೆಯುತ್ತದೆ. ಆಗ ಒಳಗೆ ಒತ್ತಡ ಸ್ವಲ್ಪ ಜಾಸ್ತಿ ಇರುತ್ತದೆ. ಸಂದುಗೊಂದುಗಳಲ್ಲಿ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಧೂಳು ಬಂದರೆ ಮುಂದಿನ ಫಿಲ್ಟರ್ ದಾಟಿಯೇ ಬರಬೇಕು. ಆ ಫಿಲ್ಟರ್ ಕೈಯಿಂದ ಕಿತ್ತು ತೊಳೆಯುವಂತಿರಬೇಕು, ಸ್ಕ್ರೂ ಬಿಚ್ಚುವಂಥದ್ದಾದರೆ ನಾವು ತೊಳೆಯುವುದೇ ಇಲ್ಲ. ಹತ್ತಿ ಸೀಜನ್ನಿನಲ್ಲಿ ನಾನು ಪ್ರತಿ ಭಾನುವಾರ ತೊಳೆಯುತ್ತೇನೆ. ಕ್ಯಾಬಿನೆಟ್ಟನ್ನು ನೆಲದ ಮೇಲಿಡದೆ ಮೇಜಿನ ಮೇಲಿಟ್ಟರೆ ಅರ್ಧ ಧೂಳು ಕಡಿಮೆ. ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಸುಮ್ನೆ ಬಿಟ್ಟರೆ ಅದು ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ನಮ್ಮ ಮನೆಗಳಲ್ಲಿ ಎಸಿಗಿಂತ ನೀರಿನ ಏರ್ ಕೂಲರ್ ಜಾಸ್ತಿ. ಅದರ ಗಾಳಿಯನ್ನು ನೇರ ಪಿಸಿಗೆ ಬಿಡಬೇಡಿ. ಅದು ಒದ್ದೆ ಗಾಳಿ, ನಮ್ಮ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶವೂ ಇರುತ್ತದೆ. ಕೂಲರ್ ನಿಮ್ಮ ಕಡೆ ತಿರುಗಿರಲಿ, ಕಿಟಕಿ ತೆರೆದಿರಲಿ, ಪಿಸಿ ಅದರ ದಾರಿಯಿಂದ ಪಕ್ಕಕ್ಕಿರಲಿ. ಕೋಣೆ ತಂಪಾದರೆ ಪಿಸಿಯೂ ತಾನಾಗಿ ತಂಪಾಗುತ್ತದೆ.

ಕೊಳ್ಳಲು ಹೋದದ್ದು ಹೈದರಾಬಾದಿಗೆ. ರಾಯಚೂರಿನಿಂದ ಅದು ಸುಮಾರು 200 ಕಿಲೋಮೀಟರ್, ಬೆಂಗಳೂರು ಅದರ ಎರಡರಷ್ಟು. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಇದೆ, ಎಲ್ಲರ ಬಾಯಲ್ಲಿ ಸಿಟಿಸಿ. ಕಂಪ್ಯೂಟರ್ ಬಿಡಿಭಾಗಕ್ಕೆ ಬೆಂಗಳೂರಿಗೆ ಎಸ್‌ಪಿ ರೋಡ್ ಹೇಗೋ ಹೈದರಾಬಾದಿಗೆ ಇದು ಹಾಗೆ. ನಮ್ಮ ಕಡೆಯವರಿಗೆ ಉರ್ದು, ತೆಲುಗು ಎರಡೂ ಬರುವುದರಿಂದ ಮಾತಿಗೆ ತೊಂದರೆ ಇಲ್ಲ. ಪಟ್ಟಿ ಬರೆದುಕೊಂಡು ಹೋಗಿ ಮೂರು ನಾಲ್ಕು ಅಂಗಡಿಯಲ್ಲಿ ಬೆಲೆ ಕೇಳಿದೆ. ಒಬ್ಬರು, "ಭಾಯ್, ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ ಮಾಡ್ತೀನಿ" ಅಂದರು. ಬಿಡಿಭಾಗಗಳಿಗೆ 18 ಶೇಕಡಾ ಜಿಎಸ್‌ಟಿ ಇದೆ, ಆಸೆ ಹುಟ್ಟುವುದು ಸಹಜ. ಆದರೆ ಬಿಲ್ಲಿಲ್ಲದಿದ್ದರೆ ವಾರಂಟಿಗೆ ಹೋದಾಗ ನಮ್ಮ ಮಾತಿಗೆ ಆಧಾರವೇ ಇರುವುದಿಲ್ಲ. ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಂಡೆ. ಪ್ರೊಸೆಸರ್ ಬಾಕ್ಸ್ ಸಮೇತವೇ ಇರಬೇಕು ಅಂದೆ. ಟ್ರೇ ಪ್ರೊಸೆಸರ್ ಅಂತ ಬಿಡಿಯಾಗಿ ಕೊಡುವುದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಸಿಗುವುದಿಲ್ಲ. ಎಸ್‌ಎಂಪಿಎಸ್, ಕ್ಯಾಬಿನೆಟ್ ಮಾತ್ರ ನಮ್ಮೂರಿನ ಸ್ಟೇಷನ್ ರಸ್ತೆ ಕಡೆಯ ಅಂಗಡಿಯಿಂದ ತರಿಸಿದೆ. ಸ್ವಲ್ಪ ಜಾಸ್ತಿ ಆಯಿತು. ಆದರೆ ಕೆಟ್ಟರೆ ಸೈಕಲ್ಲಿನಲ್ಲಿ ಹೋಗಿ ಕೇಳಬಹುದು.

ಮಾನಿಟರ್ ಸೇರಿ ಒಂದು ಲಕ್ಷದ ಒಳಗೆ ಮುಗಿಯಿತು. ಸುಮಾರು ಮೂವತ್ತು ಸಾವಿರ ಕಾರ್ಡಿಗೆ, ಹತ್ತೊಂಬತ್ತು ಪ್ರೊಸೆಸರಿಗೆ. ಬೋರ್ಡು, ರ‍್ಯಾಮ್ ಎರಡೂ ಸೇರಿ ಇಪ್ಪತ್ತೆರಡರ ಆಸುಪಾಸು. ಈ ಅಂಕಿಗಳನ್ನು ಹಾಗೇ ನಂಬಿ ಹೊರಡಬೇಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಸರ್ವರ್‌ಗಳಿಗೆ ಮೆಮೊರಿ ಚಿಪ್ಪುಗಳು ಹೋಗುತ್ತಿರುವುದು ಅದಕ್ಕೆ ಕಾರಣ. ಈಗ ಕಟ್ಟುವುದಾದರೆ ನಾನು 16 ಜಿಬಿಯಲ್ಲೇ, ಅಂದರೆ 8ರ ಎರಡು ಕಡ್ಡಿಯಲ್ಲಿ ಶುರು ಮಾಡುತ್ತಿದ್ದೆ.

ಜೋಡಿಸುವ ಕೆಲಸ ಅಂದುಕೊಂಡಷ್ಟು ಕಷ್ಟ ಅಲ್ಲ. ಮೊದಲ ಸಲ ಆನ್ ಮಾಡಿದಾಗ ಎಎಂ5 ಬೋರ್ಡುಗಳು ರ‍್ಯಾಮನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತವೆ. ಅಲ್ಲಿವರೆಗೆ ಪರದೆ ಕಪ್ಪಗಿರುತ್ತದೆ. ಆಗ ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ. ಮಾನಿಟರ್ ಕೇಬಲನ್ನು ಬೋರ್ಡಿಗಲ್ಲ, ಗ್ರಾಫಿಕ್ ಕಾರ್ಡಿಗೇ ಚುಚ್ಚಬೇಕು. ಬಯಾಸ್‌ನಲ್ಲಿ ಎಕ್ಸ್‌ಪೊ ಅನ್ನುವ ಸೆಟ್ಟಿಂಗ್ ಆನ್ ಮಾಡದಿದ್ದರೆ 6000ದ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತದೆ. ವಿಂಡೋಸ್‌ನಲ್ಲಿ 165 ಹರ್ಟ್ಸ್ ಆರಿಸದಿದ್ದರೆ ಮಾನಿಟರ್ 60ರಲ್ಲೇ ಕೂತಿರುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಬಳಸದೆ ಬಿಟ್ಟವರು ಬಹಳ ಮಂದಿ ಇದ್ದಾರೆ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಆಡಲು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ ಅನ್ನುವ ಎರಡು ಸುರಕ್ಷತೆಯ ಸೆಟ್ಟಿಂಗ್ ಕೂಡ ಆನ್ ಇರಬೇಕು.

ಬಿಸಿ ಇಳಿಸಲು ಕೊನೆಗೆ ಎರಡು ಕೆಲಸ ಮಾಡಿದೆ. ಎರಡಕ್ಕೂ ದುಡ್ಡಿಲ್ಲ. ಫ್ರೇಮುಗಳಿಗೆ 160ರ ಮಿತಿ ಹಾಕಿದೆ. ಮಾನಿಟರ್ 165ಕ್ಕಿಂತ ಜಾಸ್ತಿ ತೋರಿಸುವುದಿಲ್ಲ, ವ್ಯಾಲೊರೆಂಟ್ ಸುಮ್ನೆ 300 ಫ್ರೇಮು ಓಡಿಸಿ ಕೋಣೆ ಬಿಸಿ ಮಾಡುವುದು ಯಾಕೆ? ಆಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರಿನಲ್ಲಿ ಕಾರ್ಡಿನ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಆಟ ಓಡಿಸಿ ನೋಡಿ, ಆಟ ಕೆಟ್ಟು ನಿಂತುಹೋಗುವ ಮಟ್ಟಕ್ಕಿಂತ ಒಂದು ಹೆಜ್ಜೆ ಮೇಲೆ ಬಿಟ್ಟೆ. ವೇಗ ಹೆಚ್ಚುಕಡಿಮೆ ಅಷ್ಟೇ ಇತ್ತು, ಕಾರ್ಡ್ 100 ವ್ಯಾಟ್ ಒಳಗೆ ಬಂತು. ಮೇ ತಿಂಗಳ ಸಂಜೆ, ಕೋಣೆ 36 ಇರುವಾಗ, ದೊಡ್ಡ ಆಟದಲ್ಲೂ ಕಾರ್ಡ್ 72ರ ಹತ್ತಿರ, ಪ್ರೊಸೆಸರ್ 78ರ ಹತ್ತಿರ ನಿಲ್ಲುತ್ತದೆ. 7600ರ ಮಿತಿ 95. ಗೋಡೆಯ ಪ್ಲಗ್‌ನಲ್ಲಿ ಅಳೆದರೆ ಮಾನಿಟರ್ ಸೇರಿ 220 ವ್ಯಾಟ್ ಸುತ್ತಮುತ್ತ.

ಮುಂದಿನ ಬದಲಾವಣೆ ಕಾರ್ಡಿನದೇ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 145 ವ್ಯಾಟಿನದು, ಮೆಮೊರಿ ಮತ್ತೆ 8 ಜಿಬಿ, ಹಾಗಾಗಿ ಅದು ನನಗೆ ಬೇಡ. ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಬಗೆ 160 ವ್ಯಾಟ್. ಅದರ ಬೆಲೆ ಇಳಿಯಲಿ ಅಂತ ಕಾಯುತ್ತಿದ್ದೇನೆ. ಅದಕ್ಕೂ ವೋಲ್ಟೇಜ್ ಇಳಿಸಿ, ಫ್ರೇಮಿಗೆ ಮಿತಿ ಹಾಕಿದರೆ ನನ್ನ 250ರ ಗೆರೆಯ ಆಸುಪಾಸಿನಲ್ಲೇ ನಿಲ್ಲಬೇಕು. ಎಸ್‌ಎಂಪಿಎಸ್, ಕ್ಯಾಬಿನೆಟ್, ಇನ್ವರ್ಟರ್ ಲೈನ್ ಯಾವುದನ್ನೂ ಮುಟ್ಟಬೇಕಾಗಿಲ್ಲ.